ಸೀಟ್ ಬೆಲ್ಟ್ ಕಟ್ಟಿದ ದಿಮ್ಮಿಗಳು

ಬೆಥೆಲ್ ಕಾಡಿನ ಗೆಳೆಯರ ಬಳಗಕ್ಕೆ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಮಾರ್ಚ್ ಒಂದನೇ ತಾರೀಕು ಬೆಳಿಗ್ಗೆ ಗರಗಸ, ಕತ್ತಿ, ಕತ್ತರಿ, ಸ್ಪ್ಯಾನರ್, ಸಲಿಕೆ ಎಲ್ಲವನ್ನೂ ಒರೆಸಿ, ಎಣ್ಣೆ ಹಚ್ಚಿ, ಶೆಡ್ಡಿನ ಕಬ್ಬಿಣದ ಪೆಟ್ಟಿಗೆಯೊಳಗಿಟ್ಟು ಬೀಗ ಜಡಿಯಬೇಕು. ಆ ಬೀಗ ತೆಗೆಯುವುದು ಸೆಪ್ಟೆಂಬರ್ ಒಂದಕ್ಕೇ. ನಡುವಿನ ಆರು ತಿಂಗಳು ಕಾಡು ಹಕ್ಕಿಗಳದ್ದು. ಮನುಷ್ಯರು ಬರಬಹುದು, ಕಸ ಹೆಕ್ಕಬಹುದು, ಬೆಂಚಿನ ಮೇಲೆ ಕೂತು ಟೀ ಕುಡಿಯಬಹುದು, ಆದರೆ ಒಂದು ಕಡ್ಡಿಯನ್ನೂ ಮುರಿಯುವಂತಿಲ್ಲ. ನಿಯಮ ಮಾಡಿದವಳು ಗ್ಲೆಂಡಾ ಫೇರ್‌ಹರ್ಸ್ಟ್. ಬೀಗದ ಕೈ ಎರಡಿದ್ದವು. ಒಂದು ಸಲಕರಣೆಗಳ ಉಸ್ತುವಾರಿ ಹೊತ್ತ ಅವಳ ಹತ್ತಿರ, ಇನ್ನೊಂದು ಬಳಗದ ಅಧ್ಯಕ್ಷ ಕ್ಲೈವ್ ಆರ್ಮರಾಡ್ ಹತ್ತಿರ. ಆ ಎರಡನೆಯದನ್ನು ಕ್ಲೈವ್ ಕೈಗೆ ಕೊಟ್ಟದ್ದೇ ತಾನು ಬದುಕಿನಲ್ಲಿ ಮಾಡಿದ ದೊಡ್ಡ ತಪ್ಪು ಎಂದು ಗ್ಲೆಂಡಾ ಇವತ್ತಿಗೂ ಹಲ್ಲು ಕಡಿಯುತ್ತಾಳೆ. ಎರಡು ಸಲ ಮದುವೆಯಾಗಿ ಎರಡು ಸಲ ಬಿಟ್ಟು ಬಂದವಳು ಅವಳು, ಅದನ್ನೂ ಸೇರಿಸಿಕೊಂಡೇ ಈ ಮಾತು ಹೇಳುತ್ತಾಳೆ.

ಕಾಡು ಎಂದರೆ ದೊಡ್ಡ ಕಾಡೇನಲ್ಲ. ಲ್ಯಾಂಕಶೈರಿನ ಆ ಊರಲ್ಲಿ ಒಂದು ಕಾಲಕ್ಕೆ ಕಲ್ಲಿದ್ದಲ ಗಣಿ ಇತ್ತು. ಗಣಿ ಮುಚ್ಚಿತು, ಗಣಿ ಮಣ್ಣಿನ ಕಪ್ಪು ಗುಡ್ಡೆಗಳು ಉಳಿದವು, ಕೆಳಗೆ ನೆಲ ಕುಸಿದು ನೀರು ನಿಂತು ಕೆರೆಯಾಯಿತು. ಯಾರೂ ನೆಡದಿದ್ದರೂ ಬರ್ಚ್ ಮರಗಳು ತಾವಾಗಿ ಬಂದವು. ಸರ್ಕಾರ ಕಣ್ಣೆತ್ತಿ ನೋಡದ ಈ ಜಾಗವನ್ನು ಊರಿನ ಹದಿಮೂರು ಜನ ಮುದುಕ ಮುದುಕಿಯರು ಸೇರಿ ಬುಧವಾರಕ್ಕೊಮ್ಮೆ ಬಂದು ನೋಡಿಕೊಂಡರು. ಅದರಲ್ಲಿ ಒಬ್ಬ ಎಂಬತ್ನಾಲ್ಕರ ವಿಲ್ಫ್ ಸೆಡ್ಡನ್. ಹದಿನೈದನೇ ವಯಸ್ಸಿಗೆ ಅದೇ ಗಣಿಯೊಳಗೆ ಇಳಿದಿದ್ದವನು, ಈಗ ಸೊಂಟ ಹಿಡಿದುಕೊಂಡು ಗೇಟಿನ ಪಕ್ಕದ ಮನೆಯಿಂದ ಶೆಡ್ಡಿನವರೆಗೆ ಬರುವುದರೊಳಗೆ ಎರಡು ಸಲ ನಿಲ್ಲುತ್ತಾನೆ. ಗ್ಲೆಂಡಾ ಮೂವತ್ತೊಂದು ವರ್ಷ ಡಬಲ್ ಡೆಕ್ಕರ್ ಬಸ್ಸು ಓಡಿಸಿ ನಿವೃತ್ತಳಾದವಳು. ಅವಳ ದನಿಯೂ ಹಾರನ್ನಿನ ಹಾಗೆಯೇ.

ಕ್ಲೈವ್ ನಿವೃತ್ತ ಹೆಡ್‌ಮಾಸ್ಟರ್. ಕೆಟ್ಟ ಮನುಷ್ಯನಲ್ಲ, ಅದೇ ತೊಂದರೆ. ಕೆಟ್ಟವನಾಗಿದ್ದರೆ ಎಂದೋ ಆಚೆಗೆ ಅಟ್ಟಬಹುದಿತ್ತು. ಕಾಡು ಚೆನ್ನಾಗಿದೆ ಎಂದು ಊರಿಗೆಲ್ಲ ಸಾರಬೇಕು, ಜನ ಬರಬೇಕು, ನೋಡಬೇಕು, ಹೊಗಳಬೇಕು ಎನ್ನುವ ಹುಚ್ಚು ಅವನಿಗೆ. ಕಾಲುದಾರಿಗೊಂದು ಬೋರ್ಡು, ಕೆರೆಗೊಂದು ಬೋರ್ಡು, 'ಇಲ್ಲಿ ಬೋರ್ಡುಗಳಿಗೆ ಹಾನಿ ಮಾಡಬೇಡಿ' ಎಂದೂ ಒಂದು ಬೋರ್ಡು. ಎರಡು ವರ್ಷದ ಹಿಂದೆ ಹಳೇ ಓಕ್ ಮರದಲ್ಲಿ ಗೂಬೆ ಮರಿ ಮಾಡಿದೆ ಎಂದು ಗ್ಲೆಂಡಾ ಬಾಯಿ ತಪ್ಪಿ ಅಂದಳು ನೋಡಿ, ವಾರದೊಳಗೆ ಬಣ್ಣದ ಕರಪತ್ರ ಅಚ್ಚಾಗಿ ಬಂತು, ನಕ್ಷೆ ಸಮೇತ. ಭಾನುವಾರ ನಲವತ್ತು ಜನ ಮೊಳದುದ್ದದ ಕ್ಯಾಮೆರಾ ಹಿಡಿದು ಮರದ ಸುತ್ತ ನಿಂತರು. ಸೋಮವಾರ ಗೂಬೆ ಇರಲಿಲ್ಲ, ಮರಿಗಳು ಪೊಟರೆಯಲ್ಲೇ ಸತ್ತಿದ್ದವು. ಅಂದಿನಿಂದ ಗ್ಲೆಂಡಾ ಬಾಯಿಗೆ ಬೀಗ ಹಾಕಿಕೊಂಡಳು.

ಅವಳು ಕಾಯುತ್ತಿದ್ದದ್ದು ಕರಿಟೋಪಿಗೆ. ಪುಸ್ತಕದಲ್ಲಿ ಅದಕ್ಕೆ ವಿಲ್ಲೋ ಟಿಟ್ ಎನ್ನುತ್ತಾರೆ. ಗಣಿಯವರು ಮಾತ್ರ ಹಿಂದಿನಿಂದಲೂ ಕರಿಟೋಪಿ ಎಂದೇ ಕರೆದರು. ಹಿಡಿಯೊಳಗೆ ಅಡಗುವಷ್ಟು ಹಕ್ಕಿ, ತಲೆಯ ಮೇಲೆ ಕಪ್ಪು ಟೋಪಿ, ಕೂಗುವುದೆಂದರೆ ಯಾರನ್ನೋ ಬೈದ ಹಾಗೆ, ಚ್ಯಾ ಚ್ಯಾ ಚ್ಯಾ. ದೇಶದಲ್ಲೆಲ್ಲ ಅಳಿಯುತ್ತ ಬಂದ ಹಕ್ಕಿ ಅದು. ಬೇರೆಯವರು ಬಿಟ್ಟ ಪೊಟರೆಗೆ ಹೋಗುವುದಿಲ್ಲ, ಗೂಡುಪೆಟ್ಟಿಗೆ ಇಟ್ಟರೆ ಮೂಸಿಯೂ ನೋಡುವುದಿಲ್ಲ. ಕೊಳೆತು ಮೆತ್ತಗಾದ ಮರ ಬೇಕು, ಅದನ್ನು ವರ್ಷವರ್ಷವೂ ತಾನೇ ಕೊಕ್ಕಿನಿಂದ ಕೊರೆಯಬೇಕು. ಸ್ವಾಭಿಮಾನ ಅಷ್ಟಿದೆ. ಎಳೆಯ ಕಾಡಿನಲ್ಲಿ ಕೊಳೆತ ಮರ ಎಲ್ಲಿಂದ ಬರಬೇಕು? ಅದಕ್ಕೇ ಗ್ಲೆಂಡಾ ಬಿದ್ದ ಬರ್ಚಿನ ಲಡ್ಡು ಹಿಡಿದ ದಿಮ್ಮಿಗಳನ್ನು ಹೊತ್ತು ತಂದು, ಕೆರೆಯಂಚಿನ ಹಸಿ ಮರಗಳಿಗೆ ನೆಟ್ಟಗೆ ನಿಲ್ಲಿಸಿ ಕಟ್ಟಿದಳು. ತಂತಿ ಕಟ್ಟಿದರೆ ಮರದ ತೊಗಟೆಗೆ ಗಾಯವಾಗುತ್ತದೆ ಎಂದು ಡಿಪೋದಿಂದ ಹಳೇ ಪ್ರವಾಸಿ ಬಸ್ಸುಗಳ ಸೀಟ್ ಬೆಲ್ಟು ಬೇಡಿ ತಂದಳು. ಹತ್ತೊಂಬತ್ತು ದಿಮ್ಮಿ. ಆರು ವರ್ಷ. ಪ್ರತಿ ವರ್ಷ ಬೆಲ್ಟು ಒಂದೊಂದು ಇಂಚು ಸಡಿಲಿಸಿ, ಪುಡಿಯಾದ ದಿಮ್ಮಿ ಬಿಚ್ಚಿ ಹೊಸದು ಕಟ್ಟಿ, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಳು.

"ಏನಾದ್ರೂ ಬಂತಾ ನಿಮ್ಮ ಹಕ್ಕಿ?" ಎಂದು ಕ್ಲೈವ್ ಪ್ರತಿ ಬುಧವಾರ ಕೇಳುವನು.

"ಇನ್ನೂ ಏನೂ ಇಲ್ಲ" ಎನ್ನುವಳು.

ಆರು ವರ್ಷ ಅದು ನಿಜವಾಗಿತ್ತು. ಈ ವರ್ಷ ಮಾರ್ಚ್ ಕೊನೆಗೆ ಸುಳ್ಳಾಯಿತು. ಕೆರೆಯ ಆಚೆ ದಂಡೆಯ ದಿಮ್ಮಿಯೊಂದರಲ್ಲಿ ಬೊಟ್ಟಿನಷ್ಟು ತೂತು ಕಂಡಿತು. ಮರುದಿನ ಅದು ಇನ್ನಷ್ಟು ಅಗಲವಾಗಿತ್ತು. ಹೆಣ್ಣುಹಕ್ಕಿ ಪುಡಿಯನ್ನು ಬಾಯಿತುಂಬ ತುಂಬಿಕೊಂಡು ದೂರ ಒಯ್ದು ಉಗುಳಿ ಬರುತ್ತಿತ್ತು, ಮನೆಯ ಗುರುತು ಯಾರಿಗೂ ಸಿಗಬಾರದೆಂದು. ಗ್ಲೆಂಡಾ ಬೆಂಚಿನ ಮೇಲೆ ಕೂತು ಚಿಕ್ಕ ಹುಡುಗಿಯಂತೆ ಅತ್ತಳು. ಬುಧವಾರ ಶೆಡ್ಡಿನಲ್ಲಿ ಕ್ಲೈವ್ ಕೇಳಿದಾಗ ಬಿಸ್ಕತ್ತು ಟೀಗೆ ಅದ್ದುತ್ತ, "ಇನ್ನೂ ಏನೂ ಇಲ್ಲ" ಎಂದಳು. ವಿಲ್ಫ್‌ಗೂ ಹೇಳಲಿಲ್ಲ. ಐದು ಬುಧವಾರ ಹಾಗೆಯೇ ಹೇಳಿದಳು.

ಅಷ್ಟರಲ್ಲಿ ಕ್ಲೈವ್‌ಗೆ ಬಿರುದಿನ ಗೀಳು ಹಿಡಿದಿತ್ತು. ವರ್ಷದ ಅತ್ಯುತ್ತಮ ಊರ ಕಾಡು ಎಂಬ ಬಿರುದಿಗೆ ಬೆಥೆಲ್ ಹೆಸರು ಕಳಿಸಿದ್ದ, ಕೊನೆಯ ಮೂರರಲ್ಲಿ ಬಂದಿತ್ತು, ಮೇ ಇಪ್ಪತ್ತಕ್ಕೆ ತೀರ್ಪುಗಾರರು ಬರುವವರಿದ್ದರು. ಇಂಥ ಹೊತ್ತಿಗೆ ಸರಿಯಾಗಿ ಮ್ಯಾಂಚೆಸ್ಟರಿನ ಯಾವುದೋ ವಿಮೆ ಕಂಪನಿಯವರು ಫೋನ್ ಮಾಡಿದರು. ಕಂಪನಿಗಳಿಗೆ ವರ್ಷಕ್ಕೊಂದು ದಿನ ಪುಣ್ಯ ಸಂಪಾದಿಸುವ ಹುಕಿ ಬರುತ್ತದೆ. ನಮ್ಮ ಮೂವತ್ತು ಜನ ಬರುತ್ತೇವೆ, ಏನಾದರೂ ಕೆಲಸ ಕೊಡಿ, ನಮಗೆ ಮೇ ಒಂದನೇ ತಾರೀಕು, ಶುಕ್ರವಾರವೇ ಆಗಬೇಕು ಎಂದರು. ಕಾಡಿಗೆ ಅವತ್ತು ಆಗುತ್ತದೆಯೋ ಇಲ್ಲವೋ ಎಂದು ಅವರು ಕೇಳಲಿಲ್ಲ. ಕ್ಲೈವ್ ಕುಣಿದಾಡಿದ. ಗ್ಲೆಂಡಾಗೆ ಹೇಳಿದರೆ ರಗಳೆ ತೆಗೆಯುತ್ತಾಳೆ ಎಂದು ಎಲ್ಲರಿಗೂ ಕಳಿಸಿದ ಓಲೆಯಲ್ಲಿ 'ಕಸ ಹೆಕ್ಕುವ ಸಣ್ಣ ಕಾರ್ಯಕ್ರಮ' ಎಂದಷ್ಟೇ ಬರೆದ.

ಶುಕ್ರವಾರ ಗ್ಲೆಂಡಾಗೆ ಊರಿನ ಮುದುಕರನ್ನು ಮಿನಿಬಸ್ಸಿನಲ್ಲಿ ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯುವ ಸರದಿ. ಎಲ್ಲರನ್ನೂ ಮನೆಗೆ ಮುಟ್ಟಿಸಿ, ಹಕ್ಕಿಯನ್ನು ನೋಡಿಕೊಂಡೇ ಹೋಗೋಣವೆಂದು ಮೂರು ಗಂಟೆಗೆ ಕಾಡಿನ ಗೇಟಿಗೆ ಬಂದಳು. ಗೇಟಿನ ಬಳಿ ಹಳದಿ ಟೀಶರ್ಟಿನ ಮೂವತ್ತು ಜನ ನಿಂತಿದ್ದರು. ಎದೆಯ ಮೇಲೆ 'ಮರಳಿ ಕೊಡೋಣ' ಎಂದು ಬರೆದಿತ್ತು. ಅವರ ಮುಂದೆ ದಿಮ್ಮಿಗಳ ರಾಶಿ, ಅಳತೆ ಹಿಡಿದು ಜೋಡಿಸಿದಂತೆ. ಪಕ್ಕದಲ್ಲಿ ಸುರುಳಿ ಸುತ್ತಿಟ್ಟ ಸೀಟ್ ಬೆಲ್ಟುಗಳು.

"ಬನ್ನಿ ಗ್ಲೆಂಡಾ, ಸರಿಯಾದ ಟೈಮಿಗೆ ಬಂದ್ರಿ!" ಕ್ಲೈವ್ ಕೈ ಬೀಸಿದ. "ಫೋಟೋಗೆ ನಿಂತ್ಕೊಳ್ಳಿ."

"ಏನಿದು?"

"ಸ್ವಲ್ಪ ಅಚ್ಚುಕಟ್ಟು ಮಾಡಿದ್ವಿ ಅಷ್ಟೆ. ತೀರ್ಪುಗಾರರು ಬರ್ತಾರಲ್ಲ. ಕೊಳೆತ ಕಟ್ಟಿಗೆ, ಹರಕು ಬೆಲ್ಟು, ನೋಡಿದವರು ಏನಂದ್ಕೋತಾರೆ ಹೇಳಿ?"

"ಪೆಟ್ಟಿಗೆ ತೆಗೆದ್ರಾ ನೀವು?"

"ಎರಡು ಸ್ಪ್ಯಾನರ್, ನಾಲ್ಕು ಕತ್ತರಿ. ಮರ ಒಂದನ್ನೂ ಮುಟ್ಟಿಲ್ಲಮ್ಮ, ನಿಮ್ಮ ನಿಯಮ ಮುರಿದಿಲ್ಲ."

ಗ್ಲೆಂಡಾ ಅವನ ಮಾತು ಮುಗಿಯುವವರೆಗೆ ನಿಲ್ಲಲಿಲ್ಲ. ರಾಶಿಯ ಮೇಲೆ ಬಿದ್ದು ಒಂದೊಂದೇ ದಿಮ್ಮಿ ಎತ್ತಿ ತಿರುಗಿಸಿದಳು. ಅಂದವಾಗಿ ಜೋಡಿಸಿದ್ದ ರಾಶಿ ಕುಸಿದು ಬಿತ್ತು. "ಅಯ್ಯೋ, ಈಗಷ್ಟೇ ಜೋಡಿಸಿದ್ದು!" ಎಂದು ಯಾರೋ ನೊಂದುಕೊಂಡರು. ಅವಳಿಗೆ ಬೇಕಾದ ದಿಮ್ಮಿ ತಳದಲ್ಲಿತ್ತು. ನೆಲಕ್ಕೆ ಬಿದ್ದಾಗಲೇ ಉದ್ದಕ್ಕೆ ಸೀಳಿತ್ತು. ಒಳಗೆ ಮೊಲದ ಕೂದಲಿನ ಮೆತ್ತೆ, ಅದರಲ್ಲಿ ಹೆಬ್ಬೆರಳ ಉಗುರಿನಷ್ಟು ಬಿಳಿ ಮೊಟ್ಟೆಗಳು, ಮೈತುಂಬ ಕೆಂಪು ಚುಕ್ಕೆ. ಏಳರಲ್ಲಿ ಐದು ಒಡೆದಿದ್ದವು. ಉಳಿದ ಎರಡನ್ನು ಅವಳು ಅಂಗೈಯಲ್ಲಿ ತೆಗೆದುಕೊಂಡಳು. ತಣ್ಣಗಿದ್ದವು.

"ಬೆಳಿಗ್ಗೆ ಹತ್ತಕ್ಕೇ ಬಿಚ್ಚಿದ್ದು ಅದು," ಎಂದಳು ಹಳದಿ ಟೀಶರ್ಟಿನ ತಂಡದ ಮುಖ್ಯಸ್ಥೆ ಇಮೊಜೆನ್. ಅವಳ ಮುಖ ಸುಣ್ಣದಂತಾಗಿತ್ತು. "ಮರಕ್ಕೆ ಕಟ್ಟಿರೋದೆಲ್ಲ ಕಸ, ತೆಗೀರಿ ಅಂದ್ರು. ಒಂದು ಹಕ್ಕಿ ತುಂಬಾ ಕೂಗ್ತಾ ಇತ್ತು. ನಾವು... ನಮ್ಮನ್ನ ನೋಡಿ ಖುಷಿಗೆ ಕೂಗ್ತಿದೆ ಅಂದ್ಕೊಂಡ್ವಿ."

"ಖುಷಿಗೆ?" ಗ್ಲೆಂಡಾ ಎದ್ದು ನಿಂತಳು. "ನಿನ್ನ ಮನೆ ಗೋಡೆನ ಯಾರಾದ್ರೂ ಕೀಳ್ತಾ ಇದ್ರೆ ಖುಷಿಗೆ ಕೂಗ್ತೀಯೇನಮ್ಮ ನೀನು? ಮೂವತ್ತು ಜನ ಇದ್ದೀರಿ, ಅರವತ್ತು ಕಣ್ಣು. ಒಂದು ಕಣ್ಣಿಗಾದ್ರೂ ಈ ತೂತು ಕಾಣಲಿಲ್ವಾ? ಮರಳಿ ಕೊಡೋಣ ಅಂತ ಎದೆ ಮೇಲೆ ಬರ್ಕೊಂಡಿದ್ದೀರಲ್ಲ, ಕೊಡಿ ನೋಡೋಣ ಇದನ್ನ ಮರಳಿ!"

ಕ್ಲೈವ್ ಮುಂದೆ ಬಂದ. "ಗ್ಲೆಂಡಾ, ಅತಿಥಿಗಳು..." ಎಂದ.

"ನೀನು ಬಾಯಿ ಮುಚ್ಚು."

ಅವಳು ಕೆರೆಯ ಆಚೆ ದಂಡೆಗೆ ಓಡಿದಳು. ಅರವತ್ತೆಂಟರ ಮೊಣಕಾಲು ಓಡುವಷ್ಟು ಓಡಿತು. ಮರದ ಕಾಂಡದ ಮೇಲೆ ಬೆಲ್ಟು ಇದ್ದ ಜಾಗದಲ್ಲಿ ಎರಡು ಮಸುಕು ಪಟ್ಟೆ ಉಳಿದಿದ್ದವು. ಗಂಡುಹಕ್ಕಿ ಬಂತು. ಕೊಕ್ಕಿನಲ್ಲಿ ಹಸಿರು ಹುಳು, ಕಾವು ಕೂತ ಹೆಂಡತಿಗೆ ತಂದದ್ದು. ಸದಾ ಬರುವ ದಾರಿಯಲ್ಲೇ ಬಂದು, ತೂತು ಇರಬೇಕಾಗಿದ್ದ ಎತ್ತರದಲ್ಲಿ, ಏನೂ ಇಲ್ಲದ ಗಾಳಿಯಲ್ಲಿ ರೆಕ್ಕೆ ಬಡಿಯುತ್ತ ನಿಂತಿತು. ಕಾಲೂರಲು ಜಾಗ ಸಿಗದೆ ಪಕ್ಕದ ಕೊಂಬೆಗೆ ಹೋಯಿತು. ಮತ್ತೆ ಬಂತು. ಹುಳುವನ್ನು ಬಿಡಲಿಲ್ಲ. ಐದು ತಾಸಾಗಿತ್ತು, ಇನ್ನೂ ಬರುತ್ತಿತ್ತು.

ಹಿಂದಿನಿಂದ ಊರುಗೋಲಿನ ಸದ್ದಾಯಿತು. ವಿಲ್ಫ್ ಬಂದಿದ್ದ, ಆ ಸೊಂಟ ಹಿಡಿದುಕೊಂಡು ಅಷ್ಟು ದೂರ. ಸ್ವಲ್ಪ ಹೊತ್ತು ಅವನೂ ಹಕ್ಕಿಯನ್ನೇ ನೋಡಿದ.

"ಬೆಳಿಗ್ಗೆ ಕಿಟಕಿಯಿಂದ ನೋಡ್ದೆ ಕಣೇ, ದಿಮ್ಮಿ ಹೊತ್ಕಂಡು ಬರ್ತಿದ್ರು. ನಿಂಗೆ ಗೊತ್ತಿರ್ತದೆ ಅಂದ್ಕಂಡೆ. ಗೂಡು ಐತೆ ಅಂತ ನಂಗೇನು ಗೊತ್ತು?"

"ನಾನು ಹೇಳಿರಲಿಲ್ಲ."

"ನಂಗಾದ್ರೂ ಹೇಳ್ಬೋದಿತ್ತು, ಹುಡುಗಿ."

ಅವನು ಬೈದಿರಲಿಲ್ಲ. ಮೂರು ದಿನ ಅವಳು ಬೆಳಿಗ್ಗೆಯಿಂದ ಕತ್ತಲಾಗುವವರೆಗೆ ಬೆಂಚಿನ ಮೇಲೆ ಕೂತಳು. ಶನಿವಾರ ಹಕ್ಕಿಗಳ ದನಿ ಕೇಳಿತು. ಭಾನುವಾರ ಒಂದೇ ದನಿ. ಸೋಮವಾರ ಏನೂ ಇರಲಿಲ್ಲ. ಪೊಲೀಸಿಗೆ ಫೋನ್ ಮಾಡಿದಳು. ಗೂಡು ಕೀಳುವುದು ಅಪರಾಧ ಹೌದು, ಆದರೆ ಗೊತ್ತಿದ್ದೂ ಕಿತ್ತರು ಎನ್ನುವುದಕ್ಕೆ ಸಾಕ್ಷಿ ಇದೆಯೇ, ಅಲ್ಲಿ ಗೂಡಿದೆ ಎಂದು ಯಾರಿಗೆ ಗೊತ್ತಿತ್ತು ಎಂದು ಅವರು ಕೇಳಿದರು. ಗ್ಲೆಂಡಾ ಫೋನ್ ಇಟ್ಟಳು.

ಬುಧವಾರ ಶೆಡ್ಡಿನಲ್ಲಿ ಹದಿಮೂರು ಜನವೂ ಸೇರಿದ್ದರು. ಕ್ಲೈವ್ ಮೊದಲೇ ಬರೆದು ತಂದದ್ದನ್ನು ಓದಿದ. ತುಂಬ ದುಃಖದ ಘಟನೆ, ಯಾರ ತಪ್ಪೂ ಅಲ್ಲ, ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು, ಇದರಿಂದ ಕಲಿತು ಮುಂದೆ ಹೋಗೋಣ. ಕೊನೆಗೆ, ಇಪ್ಪತ್ತನೇ ತಾರೀಕಿನವರೆಗೆ ಹೊರಗಿನವರ ಹತ್ತಿರ ಈ ವಿಷಯ ಎತ್ತದಿದ್ದರೆ ಬಳಗಕ್ಕೆ ಒಳ್ಳೆಯದು. ಎಲ್ಲರೂ ತಲೆ ತಗ್ಗಿಸಿ ಬಿಸ್ಕತ್ತು ತಿಂದರು. ಆರು ವರ್ಷದಿಂದ ಜೊತೆಗೆ ಮಣ್ಣು ಅಗೆದವರು, ಒಬ್ಬರ ಬಾಯಿಂದಲೂ ಒಂದು ಮಾತು ಹೊರಡಲಿಲ್ಲ. ಗ್ಲೆಂಡಾಗೆ ಕ್ಲೈವ್‌ಗಿಂತ ಅವರ ಮೇಲೆ ಹೆಚ್ಚು ಸಿಟ್ಟು ಬಂತು.

"ಕಲಿತು ಮುಂದೆ ಹೋಗೋದಾ?" ಎಂದಳು. "ಗೂಬೆ ಮರಿಗಳು ಸತ್ತಾಗಲೂ ಇದನ್ನೇ ಓದಿದ್ರಿ. ಹಾಳೆನೂ ಅದೇ ಇರಬೇಕು. ಈ ಕಾಡಲ್ಲಿ ಯಾರಾದ್ರೂ ಸತ್ತಾಗಲೆಲ್ಲ ನೀವು ಏನಾದ್ರೂ ಕಲೀತೀರಿ, ಕ್ಲೈವ್. ಇನ್ನೆಷ್ಟು ಸಾಯಬೇಕು ನಿಮ್ಮ ಓದು ಮುಗಿಯೋಕೆ?"

ಕ್ಲೈವ್ ಕೆಂಪಗಾದ. "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾನು ಪ್ರತಿ ಬುಧವಾರ ಕೇಳಿದ್ದೀನಿ, ಹಕ್ಕಿ ಬಂತಾ ಅಂತ. ಇದೇ ಕುರ್ಚಿ ಮೇಲೆ ಕೂತು ನೀವು ಏನು ಹೇಳಿದ್ರಿ?"

ಗ್ಲೆಂಡಾ ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲಿಟ್ಟಳು.

"ಇನ್ನೂ ಏನೂ ಇಲ್ಲ ಅಂದೆ."

"ಅದೇ ನಾನು ಹೇಳೋದು. ಆರು ವರ್ಷ ಏನೂ ಬರದ ದಿಮ್ಮಿ, ತೆಗೆದೆ. ನಿಮ್ಮನ್ನ ನಂಬಿ ತೆಗೆದೆ."

ಈ ಮಾತಿನಲ್ಲಿ ಸತ್ಯವಿತ್ತು, ಅದಕ್ಕೇ ಅವಳ ಮೈಯೆಲ್ಲ ಉರಿಯಿತು. ಹೇಳಿದ್ದರೆ ಕರಪತ್ರ, ಹೇಳದಿದ್ದರೆ ಕತ್ತರಿ. ಹಕ್ಕಿ ಯಾವ ಕಡೆಯಿಂದ ಬದುಕಬೇಕಿತ್ತು? ಆದರೂ ಬಿಚ್ಚುವ ಮೊದಲು ದಿಮ್ಮಿಯನ್ನೊಮ್ಮೆ ತಿರುಗಿಸಿ ನೋಡಲು ಎಷ್ಟು ಹೊತ್ತು ಬೇಕು? ಕಟ್ಟಿದವಳನ್ನು ಒಂದು ಮಾತು ಕೇಳಲು ಏನು ದಾಡಿ? ಇಷ್ಟನ್ನೂ ಹೇಳಬೇಕೆಂದು ಅವಳು ಎದ್ದು ನಿಂತಳು.

ಮೂಲೆಯಿಂದ ವಿಲ್ಫ್ ಊರುಗೋಲು ಕುಟ್ಟಿದ. "ಒಂದು ಸೂಚನೆ ಐತೆ ನಂದು. ಪೆಟ್ಟಿಗೆ ಬೀಗದ ಕೈ ಎರಡೂ ಗ್ಲೆಂಡಾ ಹತ್ರಾನೇ ಇರ್ಲಿ. ಯಾವನಾದ್ರೂ ಬೇಡ ಅನ್ನೋನು ಕೈ ಎತ್ರಿ."

ಯಾರೂ ಎತ್ತಲಿಲ್ಲ. ಇಷ್ಟಕ್ಕೇ ಮುಗಿಯಿತಲ್ಲ ಎಂಬ ನೆಮ್ಮದಿಯಲ್ಲಿ ಕ್ಲೈವ್ ತನ್ನ ಬೀಗದ ಕೈಯನ್ನು ಗೊಂಚಲಿನಿಂದ ಬಿಡಿಸಿ ಮೇಜಿನ ಮೇಲೆ ತಳ್ಳಿದ. ಆಮೇಲೆ ಇಪ್ಪತ್ತರಂದು ಯಾರು ಏನು ತಿಂಡಿ ತರಬೇಕು ಎಂಬ ಮಾತಿಗೆ ತಿರುಗಿದ.

ಗ್ಲೆಂಡಾ ಆ ರಾತ್ರಿ ನಿದ್ದೆ ಮಾಡಿದಳೋ ಇಲ್ಲವೋ, ಬೆಳಿಗ್ಗೆ ಮಾತ್ರ ವಿಲ್ಫ್‌ನ ಅಡುಗೆಮನೆಯಲ್ಲಿದ್ದಳು. ಒಲೆಯ ಮೇಲೆ ಬೇಕನ್ ಹುರಿಯುತ್ತ ವಿಲ್ಫ್ ಅವಳು ಹೇಳಿದ್ದನ್ನೆಲ್ಲ ಕೇಳಿದ.

"ಬೋರ್ಡು ಅಂದ್ರೆ ಆಗದವಳು ನೀನು," ಎಂದ.

"ಒಂದು ಬೋರ್ಡು ಕಡಿಮೆ ಇದೆ ಈ ಕಾಡಲ್ಲಿ."

ವಿಲ್ಫ್ ಹತ್ತು ದಿನ ಕೂತು ಓಕ್ ಹಲಗೆಯ ಮೇಲೆ ಕಾದ ಕಬ್ಬಿಣದಿಂದ ಅಕ್ಷರ ಸುಟ್ಟ. ಹಿತ್ತಲಲ್ಲಿ ಬಿದ್ದಿದ್ದ ಗಣಿ ಕಾಲದ ಎರಡು ಹಳಿ ತುಂಡು, ಮುಷ್ಟಿಗಾತ್ರದ ಬೋಲ್ಟು ಹೊರಗೆ ಬಂದವು. ಅವನ್ನು ತಿರುಗಿಸುವ ಉದ್ದನೆಯ ಸ್ಪ್ಯಾನರ್ ಊರಿಗೆಲ್ಲ ಒಂದೇ ಇತ್ತು, ಅದು ಶೆಡ್ಡಿನ ಪೆಟ್ಟಿಗೆಯಲ್ಲಿತ್ತು. ಹತ್ತೊಂಬತ್ತನೇ ತಾರೀಕು ಸಂಜೆ ಗ್ಲೆಂಡಾ ಪೆಟ್ಟಿಗೆ ತೆಗೆದಳು. ಆರು ವರ್ಷದಲ್ಲಿ ಮೊದಲ ಸಲ ತನ್ನ ನಿಯಮವನ್ನು ತಾನೇ ಮುರಿದಳು. ಕೆರೆಯ ಆಚೆ ದಂಡೆಯಲ್ಲಿ, ಆ ಮರದ ಮುಂದೆ, ಗುಂಡಿ ತೋಡಿ ಹಳಿ ನಿಲ್ಲಿಸಿದಳು. ಸದ್ದಿಗೆ ಬೆದರಿ ಏಳುವ ಹಕ್ಕಿ ಅಲ್ಲಿ ಈಗ ಯಾವುದೂ ಇರಲಿಲ್ಲ. ಕೆಲಸ ಮುಗಿಸಿ ಸ್ಪ್ಯಾನರ್ ಒರೆಸಿ, ಎಣ್ಣೆ ಹಚ್ಚಿ, ಒಳಗಿಟ್ಟು ಬೀಗ ಹಾಕಿದಳು.

ಮರುದಿನ ಒಂಬತ್ತೂವರೆಗೆ ಕ್ಲೈವ್ ಟೈ ಕಟ್ಟಿಕೊಂಡು ಕೊನೆಯ ಸುತ್ತು ಹಾಕಲು ಬಂದ. ತೀರ್ಪುಗಾರರು ನಡೆಯುವ ದಾರಿಯನ್ನು ಅವನೇ ಗೊತ್ತುಮಾಡಿದ್ದ, ಕೆರೆಯ ಆಚೆ ದಂಡೆಯ ಮೇಲೆಯೇ ಹೋಗುತ್ತಿತ್ತು. ಬೋರ್ಡಿನ ಮುಂದೆ ಗಕ್ಕನೆ ನಿಂತ.

'ಈ ಮರದಲ್ಲಿ ಕರಿಟೋಪಿಯ ಗೂಡಿತ್ತು. ಮೊಟ್ಟೆ ಏಳು. ಮೇ ಒಂದರಂದು ನಾವೇ ಕಿತ್ತೆವು. ಕಿತ್ತವರು ಕೇಳಲಿಲ್ಲ. ಗೊತ್ತಿದ್ದವಳು ಹೇಳಲಿಲ್ಲ. ಬೆಥೆಲ್ ಕಾಡಿನ ಗೆಳೆಯರು.'

ಬೆಂಚಿನ ಮೇಲೆ ಗ್ಲೆಂಡಾ, ವಿಲ್ಫ್ ಕೂತಿದ್ದರು. ನಡುವೆ ಟೀ ಫ್ಲಾಸ್ಕು.

"ತೆಗೀರಿ ಇದನ್ನ," ಎಂದ ಕ್ಲೈವ್. ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಾಡಿಸಿದ. ಗಣಿಯ ಹಳಿ ಮಿಸುಕಲಿಲ್ಲ. "ಇಷ್ಟು ವರ್ಷದ ಶ್ರಮ, ಎಲ್ಲ ಮಣ್ಣುಪಾಲು ಮಾಡ್ತಿದ್ದೀರಿ! ಕೀ ಕೊಡಿ ಇಲ್ಲಿ. ಸ್ಪ್ಯಾನರ್ ಬೇಕು."

"ಪೆಟ್ಟಿಗೆಗೆ ಬೀಗ ಹಾಕಿದೆ, ಕ್ಲೈವ್. ಈಗ ಹಕ್ಕಿಗಳ ಕಾಲ."

"ನೀವೇ ತೆಗೆದಿದ್ದೀರಲ್ಲ ಅದನ್ನ! ನೀವೂ ನಿಯಮ ಮುರಿದಿದ್ದೀರಿ!"

"ಹೌದು. ಅದಕ್ಕೇ ನನ್ನನ್ನೂ ಹಾಕ್ಕೊಂಡಿದ್ದೀನಿ, ಹೆಸರಿನ ಮೇಲಿನ ಸಾಲು ಓದಿ."

ಗೇಟಿನ ಕಡೆಯಿಂದ ಕಾರಿನ ಬಾಗಿಲು ಮುಚ್ಚಿದ ಸದ್ದು ಕೇಳಿತು. ಒಂದು, ಎರಡು, ಮೂರು. ಕ್ಲೈವ್ ಆ ಕಡೆ ನೋಡಿದ, ಬೋರ್ಡು ನೋಡಿದ, ಕೋಟು ಬಿಚ್ಚಿ ಅದರ ಮೇಲೆ ಹೊದಿಸಲು ಹೋಗಿ ಕೈ ಹಿಂದೆಗೆದ.

"ದಯವಿಟ್ಟು, ಗ್ಲೆಂಡಾ. ಅವರು ಬಂದೇಬಿಟ್ರು. ನಾನೇನು ಹೇಳಲಿ ಅವರಿಗೆ?"

"ಏನೂ ಹೇಳಬೇಡಿ. ಓದೋಕೆ ಬರುತ್ತಲ್ಲ ಅವರಿಗೆ."

"ಮತ್ತೆ ಇದನ್ನ ತೆಗೆಯೋದು ಯಾವಾಗ?"

ಗ್ಲೆಂಡಾ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ವಿಲ್ಫ್‌ನ ಲೋಟಕ್ಕೆ ಟೀ ಬಗ್ಗಿಸಿದಳು. ಕೋಟಿನ ಜೇಬಿನಲ್ಲಿ ಎರಡು ಬೀಗದ ಕೈಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು.

"ಸೆಪ್ಟೆಂಬರ್ ಒಂದಕ್ಕೆ ಬನ್ನಿ," ಎಂದಳು. "ಕೇಳಿ. ಈ ಸಲ ಹೇಳ್ತೀನಿ."